ಮಾತಿನ ತೊಡಕು, ಮತಿಯ ತೂಕ: ಐಸೆನ್‌ಹೋವರರ ಮಾತುಗಾರಿಕೆಯ ಒಂದು ಪುನರ್ವಿಮರ್ಶೆ

೧

ಮಾತಿನ ವಿಷಯದಲ್ಲಿ ಕನ್ನಡದ ಗಾದೆಗಳೊಳಗೇ ಒಮ್ಮತವಿಲ್ಲ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಒಂದು ಗಾದೆ ವಾಕ್ಪಟುವನ್ನು ಕೊಂಡಾಡಿದರೆ, ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ಇನ್ನೊಂದು ಗಾದೆ ಮಿತಭಾಷಿಯ ಪಕ್ಷವನ್ನು ವಹಿಸುತ್ತದೆ. ಜನಸಾಮಾನ್ಯರು ಈ ಎರಡನ್ನೂ ಕೈಯಲ್ಲಿಟ್ಟುಕೊಂಡು, ಮನುಷ್ಯನನ್ನೂ ಸಂದರ್ಭವನ್ನೂ ನೋಡಿ, ತಕ್ಕುದನ್ನು ಪ್ರಯೋಗಿಸುತ್ತಾರೆ. ವಿದ್ಯಾವಂತವರ್ಗವು ಮಾತ್ರ, ರಾಜಕೀಯ ನಾಯಕರನ್ನು ತೂಗುವ ಪ್ರಸಂಗ ಬಂದಾಗ, ಮೊದಲನೆಯ ಗಾದೆಯ ತಕ್ಕಡಿಯೊಂದನ್ನೇ ಹಿಡಿಯುವುದುಂಟು. ವೇದಿಕೆಯ ಮೇಲೆ ತಡವರಿಸಿದವನು, ವಾಕ್ಯವನ್ನು ಆರಂಭಿಸಿ ಅದರ ಕ್ರಿಯಾಪದವನ್ನು ಮುಟ್ಟಲಾರದೆ ಹೋದವನು, ನೇರವಾದ ಪ್ರಶ್ನೆಗೆ ಬಳಸುದಾರಿಯ ಉತ್ತರ ಕೊಟ್ಟವನು ಮಂದಮತಿಯೇ ಇರಬೇಕೆಂಬ ತೀರ್ಪು ಬಹು ಬೇಗನೆ ಹೊರಬೀಳುತ್ತದೆ.

ಈ ತೀರ್ಪನ್ನು ಕೊಡುವವರು ಯಾರೆಂಬುದು ಗಮನಾರ್ಹವಾಗಿದೆ. ಪತ್ರಕರ್ತರು, ಅಧ್ಯಾಪಕರು, ನ್ಯಾಯವಾದಿಗಳು, ಲೇಖಕರು—ಇವರೆಲ್ಲರೂ ಮಾತನ್ನೇ ನೆಚ್ಚಿ ಬದುಕುವವರು. ಅಕ್ಕಸಾಲಿಗನು ಕೈಗೆ ಬಂದುದನ್ನೆಲ್ಲ ಒರೆಗಲ್ಲಿಗೆ ಉಜ್ಜಿ ನೋಡುವಂತೆ, ಇವರು ತಮ್ಮ ಕಸುಬಿನ ಉಪಕರಣವನ್ನೇ ಸಮಸ್ತ ಧೀಶಕ್ತಿಯ ಪರೀಕ್ಷಕವೆಂದು ಬಗೆಯುತ್ತಾರೆ. ಬಂಗಾರಕ್ಕೆ ಒರೆಗಲ್ಲು ಸಾಧುವಾದ ಸಾಧನವೇ. ಆದರೆ ಅದರ ಮೇಲೆ ಉಕ್ಕನ್ನು ಉಜ್ಜಿ ‘ಇದು ಬಂಗಾರವಲ್ಲ, ಆದುದರಿಂದ ನಿರುಪಯುಕ್ತ’ ಎಂದರೆ ದೋಷವು ಉಕ್ಕಿನದಾಗುವುದಿಲ್ಲ.

ಹಾಗಾದರೆ ನಾಯಕನ ಮಾತಿನ ತೊಡಕಿಗೂ ಅವನ ಮತಿಯ ತೂಕಕ್ಕೂ ಸಂಬಂಧವೇ ಇಲ್ಲವೆ? ಇದ್ದರೆ ಅದು ಎಂಥದು? ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿದರೆ ಉತ್ತರವೂ ಸಾಮಾನ್ಯವಾಗಿಯೇ ಬರುತ್ತದೆ. ಒಂದು ನಿದರ್ಶನವನ್ನು ಹಿಡಿದು ಪರೀಕ್ಷಿಸುವುದು ಲೇಸು. ಅದಕ್ಕೆ ೧೯೫೩ರಿಂದ ೧೯೬೧ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಡ್ವೈಟ್ ಐಸೆನ್‌ಹೋವರರಷ್ಟು ಅನುಕೂಲವಾದ ನಿದರ್ಶನ ವಿರಳ. ಅವರ ಮಾತನ್ನು ಲೋಕವು ಮೊದಲು ಕೇಳಿತು, ಅವರ ಕಾಗದಪತ್ರಗಳನ್ನು ಬಹುಕಾಲದ ಅನಂತರ ಓದಿತು. ಒಂದೇ ವ್ಯಕ್ತಿಯ ವಿಷಯವಾಗಿ ಎರಡು ತೀರ್ಪುಗಳು ಹುಟ್ಟಿಕೊಂಡುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದಾಗಿದೆ.

೨

೧೯೫೨ರ ಚುನಾವಣೆಯಲ್ಲಿ ಐಸೆನ್‌ಹೋವರರಿಗೆ ಎದುರಾಗಿ ನಿಂತವರು ಇಲಿನಾಯ್ ಸಂಸ್ಥಾನದ ಗವರ್ನರ್ ಅಡ್ಲೈ ಸ್ಟೀವನ್‌ಸನ್. ಸ್ಟೀವನ್‌ಸನ್ನರು ಸುಸಂಸ್ಕೃತ ವಾಗ್ಮಿಗಳು; ಅವರ ಭಾಷಣಗಳಲ್ಲಿ ವಿನೋದವಿತ್ತು, ಲಾಲಿತ್ಯವಿತ್ತು, ವಾಕ್ಯಗಳಿಗೆ ಆದಿಮಧ್ಯಾಂತಗಳಿದ್ದುವು. ವಿಶ್ವವಿದ್ಯಾಲಯಗಳ ಮತ್ತು ಪತ್ರಿಕೆಗಳ ಪ್ರಪಂಚವು ಅವರಿಗೆ ಮನಸೋತಿತು. ಮತದಾರರು ಬೇರೆಯೇ ಬಗೆದರು. ೧೯೫೨ರಲ್ಲಿ ೪೪೨ಕ್ಕೆ ೮೯, ೧೯೫೬ರಲ್ಲಿ ೪೫೭ಕ್ಕೆ ೭೩—ಹೀಗೆ ನಿರ್ವಾಚಕ ಮತಗಳಲ್ಲಿ ಎರಡು ಬಾರಿಯೂ ವಾಗ್ಮಿಯೇ ಸೋತನು. ಸೋತ ಪಕ್ಷದ ವಿದ್ಯಾವಂತರಿಗೆ ಒಂದು ಸಮಾಧಾನ ಬೇಕಾಗಿತ್ತು. ಗೆದ್ದವರ ಪತ್ರಿಕಾಗೋಷ್ಠಿಗಳು ಅದನ್ನು ಧಾರಾಳವಾಗಿ ಒದಗಿಸಿದುವು.

ಐಸೆನ್‌ಹೋವರರು ತಮ್ಮ ಎಂಟು ವರ್ಷಗಳಲ್ಲಿ ೧೯೩ ಪತ್ರಿಕಾಗೋಷ್ಠಿಗಳನ್ನು ನಡೆಸಿದರು. ಅವುಗಳ ವರದಿಯನ್ನು ಓದುವವನಿಗೆ ಮೊದಲು ಕಾಣುವುದು ವ್ಯಾಕರಣದ ಅವ್ಯವಸ್ಥೆ. ವಾಕ್ಯವೊಂದು ಹೊರಡುತ್ತದೆ, ಅರ್ಧದಾರಿಯಲ್ಲಿ ಅದರ ಕರ್ತೃಪದವನ್ನು ಕೈಬಿಟ್ಟು ಇನ್ನೊಂದು ವಾಕ್ಯ ಹುಟ್ಟಿಕೊಳ್ಳುತ್ತದೆ, ಎರಡೂ ಸೇರದೆ, ‘ಅದೇನೇ ಇರಲಿ’ ಎಂಬಂಥ ಒಂದು ಸಡಿಲವಾದ ಮಾತಿನಲ್ಲಿ ಪ್ರಸಂಗ ಮುಗಿಯುತ್ತದೆ. ೧೯೫೭ರಲ್ಲಿ ಓಲಿವರ್ ಜೆನ್ಸನ್ ಎಂಬ ಪತ್ರಕರ್ತರು, ಲಿಂಕನ್ನರ ೧೮೬೩ರ ಗೆಟಿಸ್‌ಬರ್ಗ್ ಭಾಷಣವನ್ನು ಐಸೆನ್‌ಹೋವರರು ಮಾಡಿದ್ದರೆ ಹೇಗಿರುತ್ತಿತ್ತು ಎಂಬ ಅಣಕವನ್ನು ರಚಿಸಿದರು. ಇಂಗ್ಲಿಷ್ ವಿಡಂಬನ ಸಾಹಿತ್ಯದಲ್ಲಿ ಅದಕ್ಕೊಂದು ಸ್ಥಾನವೇ ದೊರೆಯಿತು. ಅಧ್ಯಕ್ಷರು ಗಾಲ್ಫ್ ಆಡುತ್ತಾರೆ, ಆಳುವವರು ಬೇರೆಯವರು ಎಂಬುದು ಅಂದಿನ ಪಂಡಿತಮಂಡಲಿಯ ಸಾಮಾನ್ಯ ನಂಬಿಕೆಯಾಯಿತು. ೧೯೬೨ರಲ್ಲಿ ಹಿರಿಯ ಆರ್ಥರ್ ಶ್ಲೆಸಿಂಜರರು ಇತಿಹಾಸಕಾರರ ಅಭಿಪ್ರಾಯವನ್ನು ಸಂಗ್ರಹಿಸಿ ೩೧ ಅಧ್ಯಕ್ಷರನ್ನು ಯೋಗ್ಯತಾನುಕ್ರಮದಲ್ಲಿ ಜೋಡಿಸಿದಾಗ ಐಸೆನ್‌ಹೋವರರಿಗೆ ದೊರೆತುದು ೨೨ನೆಯ ಸ್ಥಾನ.

ಇಲ್ಲಿ ಪಾಠಪರಿಷ್ಕರಣದ ದೃಷ್ಟಿಯಿಂದ ಒಂದು ಅಂಶವನ್ನು ಹೇಳಬೇಕಾಗುತ್ತದೆ. ಹಿಂದಿನ ಅಧ್ಯಕ್ಷರು ಪತ್ರಿಕಾಗೋಷ್ಠಿಗಳಲ್ಲಿ ಆಡಿದ ಮಾತುಗಳನ್ನು ಅನುಮತಿಯಿಲ್ಲದೆ ಯಥಾವತ್ತಾಗಿ ಉದ್ಧರಿಸುವಂತಿರಲಿಲ್ಲ. ವರದಿಗಾರನು ಅವುಗಳ ತಾತ್ಪರ್ಯವನ್ನು ತನ್ನ ವಾಕ್ಯಗಳಲ್ಲಿ ಬರೆಯುತ್ತಿದ್ದನು. ಅಧ್ಯಕ್ಷರ ಬಾಯಿಯ ವ್ಯಾಕರಣವನ್ನು ಪತ್ರಿಕೆಯ ಲೇಖನಿ ತಿದ್ದುತ್ತಿತ್ತು. ಐಸೆನ್‌ಹೋವರರ ಕಾಲದಲ್ಲಿ ಈ ಕಟ್ಟು ಸಡಿಲವಾಯಿತು. ೧೯೫೫ರ ಜನವರಿ ೧೯ರಂದು ಮೊತ್ತಮೊದಲಿಗೆ ದೂರದರ್ಶನದ ಕ್ಯಾಮರಾಗಳೂ ಆ ಸಭೆಯನ್ನು ಪ್ರವೇಶಿಸಿದುವು. ಆಡುಮಾತನ್ನು ಅಕ್ಷರಕ್ಕೆ ಅಕ್ಷರವಾಗಿ ಬರಹಕ್ಕೆ ಇಳಿಸಿದರೆ ಎಂಥ ಪ್ರೌಢನ ಮಾತೂ ತೇಪೆ ಹಾಕಿದ ಬಟ್ಟೆಯಂತೆ ಕಾಣುತ್ತದೆ. ಧ್ವನಿಯ ಏರಿಳಿತ, ಕೈಸನ್ನೆ, ಮುಖಭಾವಗಳು ಅರ್ಥದ ಅರ್ಧವನ್ನು ಹೊತ್ತಿರುತ್ತವೆ. ಬರಹದಲ್ಲಿ ಅವು ಕಳಚಿಹೋಗಿ ಉಳಿದರ್ಧ ಮಾತ್ರ ಓದುಗನಿಗೆ ದಕ್ಕುತ್ತದೆ. ಐಸೆನ್‌ಹೋವರರ ವಾಕ್ಯಗಳು ಇತರರವಕ್ಕಿಂತ ತೊಡಕಾದುವೆಂಬುದು ನಿಜವೇ; ಆದರೆ ಅವರನ್ನು ಹೋಲಿಸಿದುದು ಇತರರ ಆಡುಮಾತಿನೊಡನೆ ಅಲ್ಲ, ತಿದ್ದಿದ ಬರಹದೊಡನೆ ಎಂಬುದನ್ನು ಮರೆಯಬಾರದು.

೩

ಇನ್ನು ಎರಡನೆಯ ಸಾಕ್ಷ್ಯವನ್ನು ನೋಡಬಹುದು. ೧೯೬೭ರಲ್ಲಿ ಮರ್ರೆ ಕೆಂಪ್ಟನ್ ಎಂಬ ಪತ್ರಕರ್ತರು, ಐಸೆನ್‌ಹೋವರರನ್ನು ಕಡಿಮೆ ಅಂದಾಜು ಮಾಡಿದುದು ತಮ್ಮ ವರ್ಗದ ತಪ್ಪು ಎಂದು ಮೊದಲ ಬಾರಿಗೆ ಬಲವಾಗಿ ವಾದಿಸಿದರು. ೧೯೭೦ರ ದಶಕದಲ್ಲಿ ಕ್ಯಾನ್ಸಾಸ್ ಸಂಸ್ಥಾನದ ಅಬಿಲೀನಿನಲ್ಲಿರುವ ಗ್ರಂಥಭಂಡಾರದಿಂದ ಅಧ್ಯಕ್ಷರ ಖಾಸಗಿ ಕಾರ್ಯದರ್ಶಿಯು ಕಾಪಾಡಿಟ್ಟಿದ್ದ ಕಡತಗಳು ಹೊರಬಂದುವು. ೧೯೮೧ರಲ್ಲಿ ಅವರ ದಿನಚರಿಯೂ, ೧೯೮೪ರಲ್ಲಿ ಬಾಲ್ಯಸ್ನೇಹಿತ ಹ್ಯಾಜ್‌ಲೆಟ್ಟರಿಗೆ ಬರೆದ ಪತ್ರಗಳೂ ಅಚ್ಚಾದುವು. ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಫ್ರೆಡ್ ಗ್ರೀನ್‌ಸ್ಟೀನರು ಈ ಸಾಮಗ್ರಿಯನ್ನು ಆಧರಿಸಿ ೧೯೮೨ರಲ್ಲಿ ‘ಮರೆಯ ಕೈಯ ಅಧ್ಯಕ್ಷಗಿರಿ’ ಎಂಬರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಅಂದಿನಿಂದ ತಕ್ಕಡಿ ವಾಲಿತು. ಸಿ-ಸ್ಪ್ಯಾನ್ ಸಂಸ್ಥೆಯು ೨೦೧೭ರಲ್ಲಿಯೂ ೨೦೨೧ರಲ್ಲಿಯೂ ಇತಿಹಾಸಕಾರರನ್ನು ಕೇಳಿದಾಗ ಅದೇ ಐಸೆನ್‌ಹೋವರರಿಗೆ ಐದನೆಯ ಸ್ಥಾನ ದೊರೆಯಿತು. ಮೃತನಾದ ಮನುಷ್ಯನ ಬುದ್ಧಿ ಬೆಳೆಯುವುದಿಲ್ಲ. ೧೯೬೯ರಲ್ಲಿ ಅವರು ತೀರಿಕೊಂಡ ಮೇಲೆ ಬದಲಾದುದು ಓದುಗರ ಕೈಗೆ ಬಂದ ಪುಟಗಳು ಮಾತ್ರ.

ಆ ಪುಟಗಳಲ್ಲಿ ಕಾಣುವುದೇನು? ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದಲ್ಲಿ ೧೯೧೫ರಲ್ಲಿ ೧೬೪ ಜನರಲ್ಲಿ ೬೧ನೆಯವರಾಗಿ ತೇರ್ಗಡೆಯಾದ ಈ ಸಾಮಾನ್ಯ ವಿದ್ಯಾರ್ಥಿಯು, ೧೯೨೬ರಲ್ಲಿ ಲೆವೆನ್‌ವರ್ತ್ ಕೋಟೆಯ ಹಿರಿಯ ಅಧಿಕಾರಿಗಳ ತರಗತಿಯಲ್ಲಿ ಪ್ರಥಮಸ್ಥಾನ ಪಡೆದನು. ೧೯೩೦ರ ದಶಕದಲ್ಲಿ ಜನರಲ್ ಮೆಕಾರ್ಥರರ ಕೈಕೆಳಗೆ, ಮೊದಲು ವಾಷಿಂಗ್ಟನ್ನಿನಲ್ಲಿ, ಬಳಿಕ ಫಿಲಿಪೈನ್ಸಿನಲ್ಲಿ, ಆ ಮಹಾವಾಗ್ಮಿಗಾಗಿ ವರದಿಗಳನ್ನೂ ಭಾಷಣಗಳನ್ನೂ ಬರೆದುಕೊಟ್ಟವರಲ್ಲಿ ಐಸೆನ್‌ಹೋವರರೂ ಒಬ್ಬರು. ಅಧ್ಯಕ್ಷರ ಸಿದ್ಧಭಾಷಣಗಳನ್ನು ಇತರರು ಬರೆದುಕೊಡುತ್ತಿದ್ದರು, ಆದ್ದರಿಂದ ಅವು ಪ್ರಮಾಣವಲ್ಲ ಎಂಬ ಆಕ್ಷೇಪಕ್ಕೆ ಇದು ಒಂದು ಉತ್ತರ: ಬರೆಸಿಕೊಳ್ಳುವವರಾಗುವ ಮೊದಲು ಅವರು ಬರೆದುಕೊಡುವವರಾಗಿದ್ದರು.

೧೯೫೩ರ ಬೇಸಗೆಯಲ್ಲಿ, ಸೋವಿಯೆತ್ ರಷ್ಯದ ಕುರಿತು ಅನುಸರಿಸಬೇಕಾದ ನೀತಿಯನ್ನು ಮೂರು ತಂಡಗಳು ಮೂರು ವಿಧವಾಗಿ ಮಂಡಿಸಿದುವು. ‘ಸೊಲೇರಿಯಮ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಅಧ್ಯಯನದ ಕೊನೆಯಲ್ಲಿ ಅಧ್ಯಕ್ಷರು ಎದ್ದು ಮೂರು ವಾದಗಳನ್ನೂ ತೂಗಿ ಉಪಸಂಹಾರ ಮಾಡಿದರು. ಒಂದು ತಂಡದ ಮುಖ್ಯಸ್ಥರಾಗಿದ್ದ ಜಾರ್ಜ್ ಕೆನನ್ನರು, ಅಂದು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬನಿಗಿಂತಲೂ ಅಧ್ಯಕ್ಷರ ಬುದ್ಧಿಯೇ ಮೇಲುಗೈಯಾಗಿತ್ತೆಂದು ಅನಂತರ ಸ್ಮರಿಸಿದ್ದಾರೆ. ಕೆನನ್ನರು ಆ ಕಾಲದ ಅತ್ಯಂತ ತೀಕ್ಷ್ಣಮತಿಗಳಲ್ಲೊಬ್ಬರು. ಆ ಸರಕಾರದಿಂದ ವಿಶೇಷ ಮನ್ನಣೆ ಪಡೆದವರೂ ಅಲ್ಲ. ಅವರ ಸಾಕ್ಷ್ಯವನ್ನು ಮುಖಸ್ತುತಿಯೆಂದು ತಳ್ಳಿಹಾಕುವಂತಿಲ್ಲ.

ಇವೆಲ್ಲಕ್ಕಿಂತ ಮಿಗಿಲಾದ ಪುರಾವೆ ಒಂದು ಚಿಕ್ಕ ಚೀಟಿ. ೧೯೪೪ರ ಜೂನ್ ೬ರಂದು ನಾರ್ಮಂಡಿಯ ದಂಡೆಯ ಮೇಲೆ ಮಿತ್ರಸೈನ್ಯವನ್ನು ಇಳಿಸುವ ಮುನ್ನ, ದಂಡಯಾತ್ರೆ ವಿಫಲವಾದರೆ ಪ್ರಕಟಿಸಬೇಕಾದ ಹೇಳಿಕೆಯನ್ನು ಮಹಾಸೇನಾನಿಯಾಗಿದ್ದ ಐಸೆನ್‌ಹೋವರರು ಪೆನ್ಸಿಲ್ ಹಿಡಿದು ತಾವೇ ಬರೆದಿಟ್ಟರು. ಕೆಲವೇ ವಾಕ್ಯಗಳು. ಸೈನಿಕರೆಲ್ಲರೂ ತಮ್ಮ ಕರ್ತವ್ಯ ಮಾಡಿದರು, ತಪ್ಪೇನಾದರೂ ಇದ್ದರೆ ಅದು ತನ್ನೊಬ್ಬನದು ಎಂಬುದು ಅದರ ಸಾರ. ದಿನಾಂಕವನ್ನು ಜುಲೈ ೫ ಎಂದು ತಪ್ಪಾಗಿ ಬರೆದಿದ್ದಾರೆ. ಅಂದಿನ ಒತ್ತಡಕ್ಕೆ ಅದೊಂದು ಕುರುಹು. ಆದರೆ ಸೈನ್ಯವನ್ನು ಹಿಂದಕ್ಕೆ ಕರೆಸಲಾಗಿದೆ ಎಂಬರ್ಥದ ಕರ್ಮಣಿಪ್ರಯೋಗವನ್ನು ಹೊಡೆದುಹಾಕಿ, ತಾನೇ ಕರೆಸಿದ್ದೇನೆ ಎಂಬ ಕರ್ತರಿಪ್ರಯೋಗವನ್ನು ಮಾಡಿರುವುದು ಆ ಚೀಟಿಯಲ್ಲಿ ಇಂದಿಗೂ ಕಾಣುತ್ತದೆ. ಕರ್ತೃಪದವನ್ನು ಕಳೆದುಕೊಳ್ಳುತ್ತಿದ್ದಾರೆಂದು ಲೋಕವು ನಕ್ಕ ಮನುಷ್ಯನು, ಪ್ರಾಣಸಂಕಟದ ರಾತ್ರಿಯಲ್ಲಿ ಕರ್ತೃಪದವನ್ನು ಹುಡುಕಿ ಅದರ ಸ್ಥಾನದಲ್ಲಿ ನಿಲ್ಲಿಸಿದ್ದನು.

೪

ಲೇಖನಿ ಹಿಡಿದಾಗ ಇಷ್ಟು ನೇರವಾಗಿದ್ದ ಮನಸ್ಸು ನಾಲಗೆಗೆ ಬಂದಾಗ ತೊಡಕಾಗುವುದಕ್ಕೆ ಕಾರಣವೇನು? ಶರೀರಶಾಸ್ತ್ರವು ಈ ವಿಷಯದಲ್ಲಿ ಸ್ವಲ್ಪಮಟ್ಟಿನ ಬೆಳಕನ್ನು ಚೆಲ್ಲಿದೆ. ೧೮೬೧ರಲ್ಲಿ ಪ್ಯಾರಿಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರು, ಇತರರ ಮಾತನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದರೂ ಒಂದೇ ಒಂದು ಉಚ್ಚಾರವನ್ನುಳಿದು ಬೇರೇನನ್ನೂ ನುಡಿಯಲಾರದ ರೋಗಿಯೊಬ್ಬನ ಮೆದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಪಾರ್ಶ್ವದ ಮುಂಭಾಗದಲ್ಲಿ ಗಾಯವಿದ್ದುದನ್ನು ತೋರಿಸಿದರು. ನುಡಿಯುವ ಶಕ್ತಿಯೂ ತಿಳಿಯುವ ಶಕ್ತಿಯೂ ಒಂದನ್ನೊಂದು ಅಗಲಬಲ್ಲುವೆಂಬುದು ಅಂದಿನಿಂದ ವೈದ್ಯಲೋಕಕ್ಕೆ ತಿಳಿದ ವಿಷಯ.

ಐಸೆನ್‌ಹೋವರರ ಬಾಳಿನಲ್ಲಿಯೇ ಇದಕ್ಕೊಂದು ದಾರುಣವಾದ ದೃಷ್ಟಾಂತವಿದೆ. ೧೯೫೭ರ ನವೆಂಬರ್ ೨೫ರಂದು ಮೇಜಿನ ಮುಂದೆ ಕುಳಿತಿದ್ದಾಗ ಅವರಿಗೆ ಲಘುವಾದ ಪಾರ್ಶ್ವವಾಯುವಿನ ಆಘಾತವಾಯಿತು. ಹೇಳಬೇಕಾದುದು ಮನಸ್ಸಿನಲ್ಲಿದ್ದರೂ ಬೇಕಾದ ಪದ ನಾಲಗೆಗೆ ಬರಲಿಲ್ಲ. ಬಂದ ಪದ ಬೇಕಾದುದಾಗಿರಲಿಲ್ಲ. ಬೇಗನೆ ಚೇತರಿಸಿಕೊಂಡರೂ ಅವರು ತಮ್ಮನ್ನು ತಾವೇ ಪರೀಕ್ಷೆಗೆ ಗುರಿಪಡಿಸಿಕೊಂಡರು: ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ಕೂಡಲಿದ್ದ ನೇಟೋ ಸಮ್ಮೇಳನದಲ್ಲಿ ಕರ್ತವ್ಯವನ್ನು ನೆರವೇರಿಸಲಾಗದಿದ್ದರೆ ಅಧ್ಯಕ್ಷಪದವಿಯನ್ನು ಬಿಟ್ಟುಕೊಡುವುದು. ಅವರು ಹೋದರು, ನೆರವೇರಿಸಿದರು. ಆಮೇಲೂ ಆಗಾಗ ಒಂದೊಂದು ಉದ್ದವಾದ ಪದ ತಪ್ಪುತ್ತಿತ್ತು. ಆ ವರ್ಷಗಳಲ್ಲಿ ಅವರ ತಡವರಿಕೆಯನ್ನು ಅಣಕಿಸಿದವರು ಬುದ್ಧಿಯ ಕೊರತೆಯನ್ನು ಕಾಣುತ್ತಿದ್ದೇವೆಂದು ತಿಳಿದಿದ್ದರು; ಕೆಲವೊಮ್ಮೆ ಕಾಣುತ್ತಿದ್ದುದು ವಾಸಿಯಾಗುತ್ತಿದ್ದ ಒಂದು ಗಾಯವನ್ನು.

ರೋಗವಿಲ್ಲದೆಯೂ ನಾಲಗೆ ಕಟ್ಟುವುದುಂಟು. ಅದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಮುಂಬಯಿಯೇ ಸಾಕ್ಷಿ. ಇಂಗ್ಲೆಂಡಿನಿಂದ ಬ್ಯಾರಿಸ್ಟರಾಗಿ ಮರಳಿದ ಗಾಂಧೀಜಿಯವರು ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ತಮ್ಮ ಮೊದಲ ಮೊಕದ್ದಮೆಗಾಗಿ ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯನ್ನೂ ಕೇಳಲಾರದೆ ಕುಳಿತುಬಿಟ್ಟು, ೩೦ ರೂಪಾಯಿಗಳ ಫೀಜನ್ನು ಹಿಂದಿರುಗಿಸಿದುದನ್ನು ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿದ್ದಾರೆ. ೧೮೯೬ರ ಸೆಪ್ಟೆಂಬರ್ ೨೬ರಂದು ಸರ್ ಫಿರೋಜ್‌ಶಾ ಮೆಹತಾ ಅವರ ಅಧ್ಯಕ್ಷತೆಯಲ್ಲಿ ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟಿನಲ್ಲಿ ನೆರೆದ ಸಭೆಯಲ್ಲಿ, ದಕ್ಷಿಣ ಆಫ್ರಿಕದ ಭಾರತೀಯರ ಕಷ್ಟಗಳನ್ನು ಕುರಿತ ಅವರ ಭಾಷಣ ಸಭಿಕರಿಗೆ ಕೇಳಿಸಲೇ ಇಲ್ಲ. ಕೊನೆಗೆ ದಿನ್‌ಶಾ ವಾಚಾ ಅವರು ಅದನ್ನು ಓದಿ ಮುಗಿಸಬೇಕಾಯಿತು. ಅದೇ ವರ್ಷ ಅದೇ ವಿಷಯವಾಗಿ ರಾಜಕೋಟೆಯಲ್ಲಿ ಅವರು ಬರೆದ ‘ಹಸಿರು ಕರಪತ್ರ’ದ ೧೦,೦೦೦ ಪ್ರತಿಗಳು ಅಚ್ಚಾದುವು, ಅದರ ಸುದ್ದಿ ತಂತಿಯ ಮೂಲಕ ಸಮುದ್ರ ದಾಟಿ, ಡರ್ಬಾನಿನ ಬಿಳಿಯರು ೧೮೯೭ರ ಜನವರಿಯಲ್ಲಿ ಅವರ ಮೇಲೆ ಬೀಳುವಷ್ಟು ಕೆರಳಿದರು. ಒಂದು ಭವನದ ಹಿಂದಿನ ಸಾಲಿಗೆ ತಲುಪದ ಧ್ವನಿ, ಬರಹವಾದಾಗ ಇನ್ನೊಂದು ಖಂಡಕ್ಕೆ ತಲುಪಿತು. ಅಂದು ಫ್ರಾಮ್‌ಜಿ ಭವನದಿಂದ ಹೊರಬಿದ್ದ ಸಭಿಕನೊಬ್ಬನು ಆ ತರುಣನ ಬುದ್ಧಿಯನ್ನು ಅವನ ಧ್ವನಿಯಿಂದ ಅಳೆದಿದ್ದರೆ ಎಷ್ಟು ತಪ್ಪಿಹೋಗುತ್ತಿದ್ದನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

೫

ಇಲ್ಲಿಗೆ ವಿಚಾರವನ್ನು ನಿಲ್ಲಿಸಿದರೆ ತೊದಲುವ ನಾಯಕರೆಲ್ಲರಿಗೂ ಖುಲಾಸೆ ದೊರೆತಂತಾಗುತ್ತದೆ. ಆದರೆ ಮಾತಿನ ತೊಡಕಿನಲ್ಲಿ ಇನ್ನೊಂದು ಜಾತಿಯಿದೆ. ಅದನ್ನು ಗುರುತಿಸಲು ಭಾರತೀಯ ಅಲಂಕಾರಶಾಸ್ತ್ರದಲ್ಲಿಯೇ ಒಂದು ಸಾಧನ ಸಿದ್ಧವಾಗಿದೆ. ಕವಿರಾಜಮಾರ್ಗದ ಮೂಲಕ ಕನ್ನಡಿಗರಿಗೆ ಆಪ್ತನಾದ ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಹತ್ತು ದೋಷಗಳನ್ನು ಹೇಳುವಾಗ ‘ಸಸಂಶಯ’ವನ್ನೂ ಎಣಿಸಿದ್ದಾನೆ: ನಿಶ್ಚಯವನ್ನು ತಿಳಿಸಲು ಆಡಿದ ಮಾತು ಸಂಶಯವನ್ನು ಹುಟ್ಟಿಸಿದರೆ ಅದು ದೋಷ. ಆದರೆ ಸಂಶಯವನ್ನು ಹುಟ್ಟಿಸುವುದೇ ವಕ್ತೃವಿನ ಉದ್ದೇಶವಾಗಿದ್ದರೆ ಅದು ದೋಷವಾಗದೆ ಅಲಂಕಾರವೇ ಆಗುತ್ತದೆಂದೂ ಅವನು ಒಪ್ಪುತ್ತಾನೆ. ಒಂದೇ ವಾಕ್ಯ ಒಬ್ಬನ ಬಾಯಲ್ಲಿ ಅಸಾಮರ್ಥ್ಯ, ಇನ್ನೊಬ್ಬನ ಬಾಯಲ್ಲಿ ಚಾತುರ್ಯ, ನಿರ್ಣಾಯಕವಾದುದು ವಿವಕ್ಷೆ.

೧೯೫೫ರ ಮಾರ್ಚ್ ತಿಂಗಳಿನಲ್ಲಿ, ಆಗ ಫಾರ್ಮೋಸಾ ಎಂದು ಕರೆಯುತ್ತಿದ್ದ ತೈವಾನಿನ ಬಳಿಯ ಕಿಮಾಯ್ ಮತ್ತು ಮಾತ್ಸು ದ್ವೀಪಗಳ ವಿಷಯವಾಗಿ ಚೀನಕ್ಕೂ ಅಮೆರಿಕಕ್ಕೂ ಯುದ್ಧವಾಗುವ ಭಯವಿತ್ತು. ಪರಮಾಣು ಅಸ್ತ್ರವನ್ನು ಪ್ರಯೋಗಿಸುವಿರಾ ಎಂಬ ಪ್ರಶ್ನೆ ಬಂದೇ ಬರುವುದಿತ್ತು. ‘ಹೌದು’ ಎಂದರೆ ಲೋಕವೇ ಬೆಚ್ಚುತ್ತಿತ್ತು. ‘ಇಲ್ಲ’ ಎಂದರೆ ಎದುರಾಳಿಯ ಹೆದರಿಕೆ ಹೋಗುತ್ತಿತ್ತು. ಆ ವಿಷಯವಾಗಿ ಏನನ್ನೂ ಹೇಳದಿರುವುದು ಒಳಿತೆಂದು ವಿದೇಶಾಂಗ ಇಲಾಖೆಯು ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಹ್ಯಾಗರ್ಟಿಯವರ ಮೂಲಕ ವಿನಂತಿಸಿಕೊಂಡಿತು. ಆ ಪ್ರಶ್ನೆ ಬಂದರೆ ಅವರನ್ನು ಗೊಂದಲಗೊಳಿಸಿಬಿಡುತ್ತೇನೆಂದು ಹ್ಯಾಗರ್ಟಿಯವರಿಗೆ ತಾವು ಧೈರ್ಯ ಹೇಳಿದುದನ್ನು ಐಸೆನ್‌ಹೋವರರು ೧೯೬೩ರ ತಮ್ಮ ಸ್ಮರಣಗ್ರಂಥದಲ್ಲಿ ದಾಖಲಿಸಿದ್ದಾರೆ. ಮಾರ್ಚ್ ೨೩ರಂದು ಪ್ರಶ್ನೆ ಬಂತು. ಉತ್ತರವು ದೀರ್ಘವಾಗಿ, ಮನುಷ್ಯಸ್ವಭಾವವನ್ನೂ ಯುದ್ಧಗಳ ಅನಿರೀಕ್ಷಿತ ಗತಿಯನ್ನೂ ಸುತ್ತಿ, ಎಲ್ಲಿಯೂ ನಿಲ್ಲದೆ ಹರಿದುಹೋಯಿತು. ಓದಿದವರು ನಕ್ಕರು. ಹೊರಗೆ ಮೌಢ್ಯವೆಂದು ತೋರಿದುದು ಒಳಗೆ ಸಸಂಶಯಾಲಂಕಾರವಾಗಿತ್ತು.

ಆದರೆ ವಿಮರ್ಶಕನಿಗೆ ಇಲ್ಲೊಂದು ಎಚ್ಚರ ಅವಶ್ಯಕ. ಒಂದು ಪ್ರಸಂಗದಲ್ಲಿ ತೊಡಕು ಬುದ್ಧಿಪೂರ್ವಕವಾಗಿತ್ತೆಂದು ತಿಳಿದ ಕೂಡಲೆ ಎಲ್ಲ ತೊಡಕುಗಳೂ ಬುದ್ಧಿಪೂರ್ವಕವೇ ಎಂದು ಸಾಧಿಸಹೊರಡುವುದು, ಲಿಪಿಕಾರನ ಕೈತಪ್ಪಿಗೂ ಶ್ಲೇಷಾರ್ಥ ಹೇಳುವ ವ್ಯಾಖ್ಯಾನಕಾರನ ಹಾದಿ. ಗ್ರೀನ್‌ಸ್ಟೀನರ ಅನಂತರ ಬಂದ ಕೆಲವು ಅಭಿಮಾನಿಗಳು ಈ ಹಾದಿಯನ್ನು ಹಿಡಿದುದುಂಟು. ಐಸೆನ್‌ಹೋವರರಿಗೆ ಆಶುಭಾಷಣ ಸಹಜವಾಗಿ ಒಲಿದಿರಲಿಲ್ಲವೆಂಬುದೂ ನಿಜ. ಆ ಕೊರತೆಯನ್ನು ಅವರು ಒಮ್ಮೊಮ್ಮೆ ಗುರಾಣಿಯಾಗಿ ಬಳಸಿಕೊಂಡರೆಂಬುದೂ ನಿಜ. ಎರಡು ನಿಜಗಳಲ್ಲಿ ಒಂದನ್ನು ಒಪ್ಪಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

೬

ಕಾವ್ಯಕ್ಕೂ ರಾಜ್ಯಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಕಾವ್ಯದ ಸಂಶಯದಿಂದ ಸಹೃದಯನಿಗೆ ಆನಂದವಾಗುತ್ತದೆ. ರಾಜ್ಯದ ಸಂಶಯಕ್ಕೆ ಯಾರೋ ಬೆಲೆ ತೆರುತ್ತಾರೆ. ಆದುದರಿಂದ ನಾಯಕನ ಮಾತು ಅಸ್ಪಷ್ಟವಾದಾಗ ‘ಇವನಿಗೆ ಬುದ್ಧಿಯಿದೆಯೆ?’ ಎಂದು ಕೇಳುವುದು ಸಾಲದು. ‘ಈ ಅಸ್ಪಷ್ಟತೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ?’ ಎಂದು ಕೇಳಬೇಕಾಗುತ್ತದೆ.

೧೯೫೫ರ ಮಾರ್ಚಿನ ಮಬ್ಬಿನಿಂದ ಲಾಭವಾದುದು ಯುದ್ಧ ಬೇಡವೆನ್ನುವ ಎಲ್ಲರಿಗೂ. ಬೇರೆ ಮಬ್ಬುಗಳ ಲೆಕ್ಕ ಹಾಗಿಲ್ಲ. ೧೯೫೨ರ ಅಕ್ಟೋಬರಿನಲ್ಲಿ ವಿಸ್ಕಾನ್‌ಸಿನ್ ಸಂಸ್ಥಾನದ ಮಿಲ್ವಾಕಿಯಲ್ಲಿ, ಸೆನೆಟರ್ ಮೆಕಾರ್ಥಿಯ ದೂಷಣೆಗೆ ಗುರಿಯಾಗಿದ್ದ ಜನರಲ್ ಮಾರ್ಷಲರನ್ನು ಸಮರ್ಥಿಸುವ ಮಾತುಗಳು ಐಸೆನ್‌ಹೋವರರ ಭಾಷಣದ ಕರಡಿನಲ್ಲಿದ್ದುವು. ವೇದಿಕೆಯ ಮೇಲೆ ಅವು ಬರಲಿಲ್ಲ. ಮಾರ್ಷಲರು ಅವರನ್ನು ಮೇಲಕ್ಕೆ ತಂದ ಹಿರಿಯರು. ಮೆಕಾರ್ಥಿಯ ವಿರುದ್ಧ ಅಧ್ಯಕ್ಷರು ತೆರೆಯ ಮರೆಯಲ್ಲಿ ಕೆಲಸ ಮಾಡಿದರೆಂಬುದನ್ನು ಗ್ರೀನ್‌ಸ್ಟೀನರು ವಿಸ್ತಾರವಾಗಿ ತೋರಿಸಿದ್ದಾರೆ. ಆದರೆ ೧೯೫೪ರ ಡಿಸೆಂಬರಿನಲ್ಲಿ ಸೆನೆಟ್ ಸಭೆಯು ಖಂಡನಾನಿರ್ಣಯವನ್ನು ಅಂಗೀಕರಿಸುವವರೆಗೆ, ಅನ್ಯಾಯವಾದ ಸಂದೇಹಕ್ಕೆ ಸಿಕ್ಕಿ ನೌಕರಿ ಕಳೆದುಕೊಂಡವರಿಗೆ ಬೇಕಾಗಿದ್ದುದು ಮರೆಯ ಕೈಯಲ್ಲ, ಬಹಿರಂಗವಾದ ಬಾಯಿ.

೧೯೫೪ರ ಮೇ ೧೭ರಂದು, ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಸಂವಿಧಾನವನ್ನು ಪಾಲಿಸುವೆನೆಂದು ಅಧ್ಯಕ್ಷರು ಹೇಳಿದರು. ತೀರ್ಪು ನ್ಯಾಯವಾದುದೆಂದು ಮಾತ್ರ ಹೇಳಲಿಲ್ಲ. ಮೂರು ವರ್ಷಗಳ ಬಳಿಕ ಆರ್ಕನ್ಸಾಸಿನ ಲಿಟಲ್ ರಾಕ್ ನಗರದಲ್ಲಿ ಒಂಬತ್ತು ಕರಿಯ ವಿದ್ಯಾರ್ಥಿಗಳು ಶಾಲೆಯ ಬಾಗಿಲಿನಲ್ಲಿ ಉದ್ರಿಕ್ತ ಗುಂಪನ್ನು ಎದುರಿಸಬೇಕಾಯಿತು. ೧೯೫೭ರ ಸೆಪ್ಟೆಂಬರ್ ೨೪ರಂದು ಐಸೆನ್‌ಹೋವರರು ೧೦೧ನೆಯ ವಾಯುವಾಹಿತ ಪಡೆಯನ್ನು ಕಳುಹಿಸಿ ಆ ಮಕ್ಕಳನ್ನು ಶಾಲೆಗೆ ಸೇರಿಸಿದರು. ಅಂದಿನ ರಾತ್ರಿ ರಾಷ್ಟ್ರಕ್ಕೆ ಮಾಡಿದ ಭಾಷಣದಲ್ಲಿಯೂ ನ್ಯಾಯಾಲಯದ ಆಜ್ಞೆಯನ್ನು ಎತ್ತಿಹಿಡಿದರೇ ಹೊರತು ತೀರ್ಪಿನ ಗುಣವನ್ನು ಕುರಿತು ತಮ್ಮ ಮತವನ್ನು ತಿಳಿಸಲಿಲ್ಲ. ಸೈನ್ಯವನ್ನು ಕಳುಹಿಸುವ ನಿರ್ಧಾರಕ್ಕೆ ಬಂದ ನಾಯಕನು ಮೂರು ವರ್ಷ ಮೊದಲೇ ಒಂದು ವಾಕ್ಯವನ್ನು ಕಳುಹಿಸಿದ್ದರೆ ಸೈನ್ಯ ಬೇಕಾಗುತ್ತಿತ್ತೋ ಇಲ್ಲವೋ ಎಂಬುದನ್ನು ಖಂಡಿತವಾಗಿ ಹೇಳಲಾಗುವುದಿಲ್ಲ. ಆದರೆ ಆ ವಾಕ್ಯಕ್ಕಾಗಿ ಕಾದವರು ವ್ಯರ್ಥವಾಗಿ ಕಾದರೆಂಬುದು ಖಂಡಿತ.

ಇವು ಬುದ್ಧಿಯ ದೋಷಗಳಲ್ಲ ಎಂಬುದೇ ಇಲ್ಲಿ ಮುಖ್ಯ. ಇದೇ ನಾಯಕರು ೧೯೫೯ರ ಡಿಸೆಂಬರಿನಲ್ಲಿ, ಭಾರತಕ್ಕೆ ಬಂದ ಮೊದಲ ಅಮೆರಿಕನ್ ಅಧ್ಯಕ್ಷರಾಗಿ, ದೆಹಲಿಯಲ್ಲಿ ಪಾರ್ಲಿಮೆಂಟಿನ ಸದಸ್ಯರ ಮುಂದೆಯೂ ರಾಮಲೀಲಾ ಮೈದಾನದ ಅಪಾರ ಜನಸ್ತೋಮದ ಮುಂದೆಯೂ ಮಾತನಾಡಿದಾಗ ಅಣಕವಾಡುವವರಿಗೆ ಅಲ್ಲಿ ಕೆಲಸವಿರಲಿಲ್ಲ. ೧೯೬೧ರ ಜನವರಿ ೧೭ರ ಬೀಳ್ಕೊಡುಗೆಯ ಭಾಷಣದಲ್ಲಿ, ಸೈನ್ಯವೂ ಶಸ್ತ್ರೋದ್ಯಮವೂ ಕೂಡಿ ಬೆಳೆಸಿಕೊಳ್ಳುವ ಪ್ರಭಾವವನ್ನು ಕುರಿತು ಈ ಸೇನಾಪತಿಯೇ ಕೊಟ್ಟ ಎಚ್ಚರಿಕೆ ಇಂದಿಗೂ ಅಮ್ಲಾನವಾಗಿದೆ. ಹಲವು ಕರಡುಗಳನ್ನು ದಾಟಿ ಸಿದ್ಧವಾದ ಭಾಷಣ ಅದು. ಹೇಳಬೇಕೆಂದು ನಿರ್ಧರಿಸಿದಾಗ ಅವರಿಗೆ ಹೇಳಲು ಬರುತ್ತಿತ್ತು.

೭

ಕನ್ನಡನಾಡಿನಿಂದ ಹೊರಗೆ ನೆಲೆಸಿದವರಿಗೆ ಈ ಚರ್ಚೆ ಪರರ ಮನೆಯ ವಿಷಯವಲ್ಲ. ಧಾರವಾಡದಲ್ಲೊ ಉಡುಪಿಯಲ್ಲೊ ಕಟ್ಟೆಯ ಮೇಲೆ ಕುಳಿತು ನಿರರ್ಗಳವಾಗಿ ವಾದಿಸುತ್ತಿದ್ದವನು ಮುಂಬಯಿಗೆ ಬಂದು, ಕಚೇರಿಯಲ್ಲಿ ಇಂಗ್ಲಿಷನ್ನೂ ಮಾರುಕಟ್ಟೆಯಲ್ಲಿ ಮರಾಠಿಯನ್ನೂ ರೈಲುಗಾಡಿಯಲ್ಲಿ ಹಿಂದಿಯನ್ನೂ ತಡವರಿಸಿ ಆಡುತ್ತಾನೆ. ಸಭೆಯಲ್ಲಿ ಅವನು ಹುಡುಕಿದ ಪದ ಸಿಗುವಷ್ಟರಲ್ಲಿ ಇನ್ನೊಬ್ಬನು ಮಾತು ಮುಗಿಸಿರುತ್ತಾನೆ. ಘಟ್ಟ ಇಳಿದ ಮಾತ್ರಕ್ಕೆ, ಕಡಲ ಕರೆಯನ್ನು ಬಿಟ್ಟ ಮಾತ್ರಕ್ಕೆ ಅವನ ಬುದ್ಧಿ ಕುಗ್ಗಿರುವುದಿಲ್ಲವೆಂಬುದು ಅವನಿಗೆ ತಿಳಿದಿದೆ. ಆದರೆ ಅವನ ಮಕ್ಕಳು ಸಂಘದ ವೇದಿಕೆಯ ಮೇಲೆ ಕನ್ನಡದಲ್ಲಿ ತಡವರಿಸಿದಾಗ, ಅಥವಾ ಗ್ರಾಮಾಂತರದಿಂದ ಬಂದ ಶಾಸಕನೊಬ್ಬನು ಇಂಗ್ಲಿಷಿನಲ್ಲಿ ಎಡವಿದಾಗ, ಅದೇ ಸಭಿಕನು ನಗುವುದುಂಟು. ತನಗೆ ಅನ್ಯಾಯವೆಂದು ತೋರಿದ ಅಳತೆಗೋಲನ್ನು ಪರರಿಗೆ ಹಿಡಿಯುವುದು ವಿಚಾರವಂತರಿಗೆ ತಕ್ಕುದಲ್ಲ.

ಅದರಂತೆಯೇ, ನಿರರ್ಗಳವಾಗಿ ಮಾತನಾಡುವ ನಾಯಕನನ್ನು ಆ ಕಾರಣಕ್ಕಾಗಿಯೇ ಶಂಕಿಸುವುದೂ, ತೊದಲುವವನನ್ನು ಆ ಕಾರಣಕ್ಕಾಗಿಯೇ ಆಳವಾದವನೆಂದು ಪೂಜಿಸುವುದೂ ಸರಿಯಲ್ಲ. ಒಳಗೆ ಏನೂ ಇಲ್ಲದೆ ಹೊರಗೂ ಏನೂ ಬಾರದಿರುವ ನಾಯಕರಿಗೆ ಯಾವ ದೇಶದಲ್ಲಿಯೂ ಅಭಾವವಿಲ್ಲ. ಬಿಡುವಿನಲ್ಲಿ ಲೇಖನಿ ಹಿಡಿದಾಗ ಇವನ ಮನಸ್ಸು ಹೇಗೆ ನಡೆಯುತ್ತದೆ, ಮುಚ್ಚಿದ ಬಾಗಿಲಿನೊಳಗೆ ಇವನು ಕೇಳುವ ಪ್ರಶ್ನೆಗಳೆಂಥವು, ಕೊನೆಗೆ ಕೈಗೊಂಡ ನಿರ್ಧಾರಗಳು ಯಾವುವು—ಬುದ್ಧಿಯ ಪರೀಕ್ಷೆ ಇವುಗಳಿಂದ ಆಗಬೇಕು. ಈ ಪರೀಕ್ಷೆಗೆ ಕಾಲ ಹಿಡಿಯುತ್ತದೆ. ಐಸೆನ್‌ಹೋವರರ ವಿಷಯದಲ್ಲಿ ಒಂದು ತಲೆಮಾರೇ ಹಿಡಿಯಿತು. ಆವರೆಗೆ ತೀರ್ಪನ್ನು ತಡೆಹಿಡಿಯುವಷ್ಟು ಸಂಯಮ ಪ್ರಜೆಗಳಲ್ಲಿರಬೇಕಾದುದು ನ್ಯಾಯ.

ಮಾತಿನ ಪರೀಕ್ಷೆ ಬೇರೆ. ಅದಕ್ಕೆ ಅಷ್ಟು ಕಾಲ ಬೇಕಾಗಿಲ್ಲ. ಬುದ್ಧಿಯು ನಾಯಕನ ಭಂಡಾರದಲ್ಲಿರುವ ಠೇವಣಿಯಿದ್ದಂತೆ. ಅವನ ಬಹಿರಂಗವಾದ ಮಾತು ಚಲಾವಣೆಯ ಹಣವಿದ್ದಂತೆ. ನೋಟು ಸವೆದಿದೆಯೆಂದು, ಮಡಿಕೆ ಬಿದ್ದಿದೆಯೆಂದು ಠೇವಣಿಯನ್ನು ಅನುಮಾನಿಸಬೇಕಾಗಿಲ್ಲ. ಆದರೆ ಭಂಡಾರ ತುಂಬಿದ್ದರೂ ಕಿಟಕಿಯ ಮುಂದೆ ಚೀಟಿ ಹಿಡಿದು ನಿಂತವನಿಗೆ ಪಾವತಿಯಾಗದಿದ್ದರೆ, ಒಳಗೆ ಹಣವಿತ್ತೆಂಬ ವಾರ್ತೆ ಅವನಿಗೆ ಸಮಾಧಾನ ತರಲಾರದು. ನಾರ್ಮಂಡಿಯ ಹಿಂದಿನ ದಿನ ಬರೆದ ಚೀಟಿಯಲ್ಲಿ ತಪ್ಪಿನ ಭಾರವೆಲ್ಲ ತನ್ನ ಮೇಲೆಯೇ ಬೀಳುವುದಿದ್ದಾಗ ಐಸೆನ್‌ಹೋವರರ ವಾಕ್ಯ ಋಜುವಾಗಿತ್ತು, ಕರ್ತೃಪದ ಸ್ವಸ್ಥಾನದಲ್ಲಿತ್ತು. ಲಿಟಲ್ ರಾಕಿನ ಮಕ್ಕಳಿಗೆ ಬೇಕಾಗಿದ್ದುದೂ ಅಂಥದೇ ಒಂದು ವಾಕ್ಯ. ಅದನ್ನು ರಚಿಸುವ ಶಕ್ತಿ ಅವರಲ್ಲಿತ್ತೆಂಬುದನ್ನು ಆ ಚೀಟಿಯೇ ಸಾರುತ್ತದೆ. ಅವರ ಮೇಲಿನ ಅತ್ಯಂತ ಗುರುತರವಾದ ಆಪಾದನೆಯೂ ಅದೇ.